ಬೇವಿನೊಳಗಿನ ಬೂಷ್ಟು ಬ್ಯಾಕ್ಟೀರಿಯಾ ಕೊಲ್ಲುತ್ತಾ? ಪ್ರಾಜೆಕ್ಟ್ ಮಾಡುವವರಿಗೆ ಹಂತ ಹಂತದ ದಾರಿ

ಪ್ರಾಜೆಕ್ಟ್ ಸೀಸನ್ ಬಂತು ಅಂದರೆ ಎಂ.ಎಸ್ಸಿ. ಮಕ್ಕಳಿಂದ ಒಂದೇ ಪ್ರಶ್ನೆ. "ಮೇಡಂ, ಗಿಡದ ಒಳಗಿನ ಶಿಲೀಂಧ್ರದ ಮೇಲೆ ಟಾಪಿಕ್ ತಗೊಂಡಿದ್ದೀನಿ, ಎಲ್ಲಿಂದ ಶುರು ಮಾಡೋದು?" ಎರಡು ತಿಂಗಳಾದ ಮೇಲೆ ಅವರಿಂದಲೇ ಎರಡನೇ ಪ್ರಶ್ನೆ. "ಮೇಡಂ, ಝೋನ್ ಬಂದಿದೆ, ಮುಂದೇನು?" ಆಗ ನಾನು ತಿರುಗಿ ಕೇಳುವುದೂ ಒಂದೇ. "ಶಿಲೀಂಧ್ರ ಹಾಕದ ಖಾಲಿ ಮೀಡಿಯಾದ ಸಾರ ಇಟ್ಟು ನೋಡಿದ್ರಾ?" ಹೆಚ್ಚಿನ ಸಲ ಉತ್ತರ ಬರುವುದಿಲ್ಲ. (ಝೋನ್ ಅಂದರೆ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿ ವೃತ್ತ. ಮೀಡಿಯಾ ಅಂದರೆ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆಸಲು ಕೊಡುವ ಆಹಾರ.) ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಪೂರ್ತಿ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ವಿಷಯ ಏನು ಅಂತ ಸ್ವಲ್ಪ ನೋಡೋಣ. ಚೆನ್ನಾಗಿರುವ ಗಿಡದ ಎಲೆ, ಕಾಂಡ, ಬೇರಿನ ಒಳಗೂ ಶಿಲೀಂಧ್ರಗಳು ಬದುಕುತ್ತವೆ. ಎಲೆ ಮೇಲೆ ಒಂದು ಚುಕ್ಕೆಯೂ ಕಾಣುವುದಿಲ್ಲ, ಗಿಡಕ್ಕೆ ಕಾಯಿಲೆಯೂ ಇಲ್ಲ. ಇವಕ್ಕೆ ಎಂಡೋಫೈಟ್ ಅಂತ ಹೆಸರು. ನಾನಿಲ್ಲಿ 'ಒಳವಾಸಿ' ಅಂತಲೂ ಕರೆಯುತ್ತೇನೆ. ಈ ಹೆಸರು ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬ್ಯಾರಿ ಅವರ ಕಾಲದ್ದು, 1866ರದ್ದು. ಒಂದೇ ಎಲೆಯೊಳಗೆ ಹಲವು ಜಾತಿಯ ಶಿಲೀಂಧ್ರಗಳು, ಜೊತೆಗೆ ಬ್ಯಾಕ್ಟೀರಿಯಾಗಳು. ಜಾಗ ಸಣ್ಣದು, ಪೈಪೋಟಿ ಜಾಸ್ತಿ. ಅಕ್ಕಪಕ್ಕದವರನ್ನು ದೂರ ಇಡಲು ಶಿಲೀಂಧ್ರ ಕೆಲವು ರಾಸಾಯನಿಕಗಳನ್ನು ತಯಾರಿಸುತ್ತದೆ. ಬೆಳೆಯಲು ಇವು ಬೇಕಿಲ್ಲ, ಬದುಕಿ ಉಳಿಯಲು ಬೇಕು. ಪುಸ್ತಕದಲ್ಲಿ ಇವನ್ನು ಸೆಕೆಂಡರಿ ಮೆಟಬಲೈಟ್ ಅನ್ನುತ್ತಾರೆ. ನಮಗೆ ಬೇಕಾಗಿರುವುದು ಇವೇ.

ಉದಾಹರಣೆಗೆ ಬೇವನ್ನೇ ಇಟ್ಟುಕೊಳ್ಳುತ್ತೇನೆ. ಅದು ಎಲ್ಲ ಊರಲ್ಲೂ ಸಿಗುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2009ರಲ್ಲಿ ಪ್ರಕಟಿಸಿದ ಕೆಲಸ. ಬೇವಿನ ಬೇರಿನೊಳಗಿನ ಕ್ಲೋರಿಡಿಯಂ ಅನ್ನುವ ಶಿಲೀಂಧ್ರದಿಂದ ಜವಾನಿಸಿನ್ ಎಂಬ ಕೆಂಪು ಬಣ್ಣದ ರಾಸಾಯನಿಕವನ್ನು ಅವರು ಬೇರ್ಪಡಿಸಿದರು. ಅದು ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಮೇಲೆ ಚೆನ್ನಾಗಿ ಕೆಲಸ ಮಾಡಿತು. ಸ್ಯೂಡೋಮೊನಾಸ್ ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಆದರೆ ಜವಾನಿಸಿನ್ ಹೊಸ ರಾಸಾಯನಿಕವೇನೂ ಅಲ್ಲ, ದಶಕಗಳ ಹಿಂದೆಯೇ ಫ್ಯುಸೇರಿಯಂ ಶಿಲೀಂಧ್ರದಲ್ಲಿ ಸಿಕ್ಕಿತ್ತು. ಇದನ್ನು ನೆನಪಿನಲ್ಲಿಡಿ, ಕೊನೆಯ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಕೈಗೆ ಏನೇನು ಬೇಕು

ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿಯಲ್ಲಿ ಕೆಲಸ ಮಾಡುವ ಪೆಟ್ಟಿಗೆ), ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ), ಇನ್‌ಕ್ಯುಬೇಟರ್, ಮೈಕ್ರೋಸ್ಕೋಪ್, ರೋಟರಿ ಇವ್ಯಾಪರೇಟರ್ (ದ್ರಾವಕವನ್ನು ಆವಿ ಮಾಡಿ ತೆಗೆಯುವ ಯಂತ್ರ), ಸೆಪರೇಟಿಂಗ್ ಫನಲ್ (ಬೆರೆಯದ ಎರಡು ದ್ರವ ಬೇರ್ಪಡಿಸುವ ಆಲಿಕೆ). ಮೀಡಿಯಾದಲ್ಲಿ ಪಿಡಿಎ, ಅಂದರೆ ಆಲೂಗಡ್ಡೆ, ಡೆಕ್ಸ್‌ಟ್ರೋಸ್, ಅಗರ್ ಸೇರಿದ ಗಟ್ಟಿ ಮೀಡಿಯಾ. ಅಗರ್ ಇಲ್ಲದ ಅದರ ನೀರುರೂಪ ಪಿಡಿಬಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಮುಲ್ಲರ್-ಹಿಂಟನ್ ಅಗರ್. ರೋಟರಿ ಇವ್ಯಾಪರೇಟರ್ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಹತ್ತಿರದ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನಲ್ಲಿ ಈಗಲೇ ಮಾತಾಡಿಟ್ಟುಕೊಳ್ಳಿ. ಕೊನೇ ವಾರದಲ್ಲಿ ಯಾರೂ ಕೊಡುವುದಿಲ್ಲ.

ಪರೀಕ್ಷೆಗೆ ಬಳಸುವ ಬ್ಯಾಕ್ಟೀರಿಯಾ ಗುರುತು ನಂಬರ್ ಇರುವಂಥದ್ದೇ ಆಗಿರಲಿ. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹಗಳು ಇಂಥ ಕಲ್ಚರ್‌ಗಳನ್ನು ಕೊಡುತ್ತವೆ. "ಲ್ಯಾಬ್ ಫ್ರಿಡ್ಜಿನಲ್ಲಿ ಇತ್ತು" ಅನ್ನುವ ಸ್ಟ್ಯಾಫಿಲೋಕಾಕಸ್ ಏನು ಬೇಕಾದರೂ ಆಗಿರಬಹುದು. ಇನ್ನೊಂದು ಮಾತು: ಈ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ರೋಗ ತರುವ ಬ್ಯಾಕ್ಟೀರಿಯಾ. ನೀವು ಬೆಳೆಸುವ ಶಿಲೀಂಧ್ರದಲ್ಲೂ ಆಸ್ಪರ್ಜಿಲಸ್ ಫ್ಲೇವಸ್‌ನಂಥ ವಿಷ ಮಾಡುವ ಗಿರಾಕಿಗಳು ಇರುತ್ತವೆ. ಪ್ಲೇಟ್ ಮುಚ್ಚಳ ತೆಗೆದು ಮೂಸಿ ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಹಂತ 1: ಗಿಡ ಆರಿಸಿ, ಬೇಗ ತನ್ನಿ

ಕಾಯಿಲೆ ಇಲ್ಲದ, ಹುಳ ಕಡಿಯದ ಎಲೆ ಆರಿಸಿ. ಎಳೆ ಎಲೆಗಿಂತ ಬಲಿತ ಎಲೆಯಲ್ಲಿ ಸಾಮಾನ್ಯವಾಗಿ ಹೆಚ್ಚು ಶಿಲೀಂಧ್ರ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವು ಬೀಜದಿಂದ ಬಂದವಲ್ಲ, ಗಾಳಿ ಮಳೆಯಲ್ಲಿ ಬಂದ ಬೀಜಕಣಗಳಿಂದ ಎಲೆಯೊಳಗೆ ಇಳಿದವು. ಎಲೆ ಮರದ ಮೇಲೆ ಇದ್ದಷ್ಟೂ ದಿನ ಒಳಗೆ ಬಂದವರು ಜಾಸ್ತಿ. ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ವ್ಯತ್ಯಾಸ ಕಾಣುವುದು ಇದಕ್ಕೇ. ಏಪ್ರಿಲ್‌ನಲ್ಲಿ ಬೇವಿನ ಚಿಗುರು ತಂದು "ಏನೂ ಬರಲಿಲ್ಲ" ಅಂದರೆ ತಪ್ಪು ಬೇವಿನದ್ದಲ್ಲ.

ಕನಿಷ್ಠ ಮೂರು ಮರಗಳಿಂದ ತನ್ನಿ. ಹೊಸ ಕವರಿನಲ್ಲಿ ಹಾಕಿ, ತಣ್ಣಗೆ ಇಟ್ಟು, 24 ಗಂಟೆಯೊಳಗೆ ಕೆಲಸ ಶುರು ಮಾಡಿ. ತಡವಾದಷ್ಟೂ ಎಲೆ ಬಾಡಿ, ಕೊಳೆಯುವ ಶಿಲೀಂಧ್ರಗಳು ಮುಂದೆ ಬರುತ್ತವೆ. ಜಾಗ, ದಿನಾಂಕ, ಮರದ ಗುರುತು ಬರೆದಿಡಿ. ಹೂವೋ ಕಾಯೋ ಇರುವ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ ಹರ್ಬೇರಿಯಂ ಶೀಟ್ ಮಾಡಿಸಿ. ಕಾಡಿನ ಗಿಡವಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು. ಮುಂದೆ ಪೇಟೆಂಟ್ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಗೈಡ್ ಜೊತೆ ಕೂತು ಓದಿಕೊಳ್ಳಿ.

ಹಂತ 2: ಹೊರಗಿನದ್ದನ್ನು ಕೊಲ್ಲಿ, ಒಳಗಿನದ್ದನ್ನು ಉಳಿಸಿ

ಇಡೀ ಪ್ರಾಜೆಕ್ಟ್ ನಿಂತಿರುವುದು ಈ ಹತ್ತು ನಿಮಿಷದ ಮೇಲೆ. ಎಲೆಯ ಮೇಲೂ ಧೂಳಿನ ಜೊತೆ ನೂರಾರು ಬೀಜಕಣ ಕೂತಿರುತ್ತವೆ. ಅವು ಪ್ಲೇಟಿನಲ್ಲಿ ಬೆಳೆದರೆ ನಿಮ್ಮದು ಎಂಡೋಫೈಟ್ ಪ್ರಾಜೆಕ್ಟ್ ಅಲ್ಲ, ರಸ್ತೆ ಧೂಳಿನ ಪ್ರಾಜೆಕ್ಟ್.

ಎಲೆಯನ್ನು ಹರಿಯುವ ನಲ್ಲಿ ನೀರಿನಲ್ಲಿ ಹತ್ತು ನಿಮಿಷ ತೊಳೆಯಿರಿ. ಆಮೇಲೆ ಲ್ಯಾಮಿನಾರ್ ಒಳಗೆ ಈ ಕ್ರಮ:

- 70% ಎಥನಾಲ್: 1 ನಿಮಿಷ
- 2% ಕ್ಲೋರಿನ್ ಇರುವ ಸೋಡಿಯಂ ಹೈಪೋಕ್ಲೋರೈಟ್: 2ರಿಂದ 3 ನಿಮಿಷ
- ಮತ್ತೆ 70% ಎಥನಾಲ್: 30 ಸೆಕೆಂಡ್
- ಸ್ಟೆರೈಲ್ ನೀರು: ಮೂರು ಸಲ, ಪ್ರತಿ ಸಲ ಹೊಸ ನೀರು

ಇದು ಬೇವಿನಂಥ ತೆಳ್ಳಗಿನ ಎಲೆಯ ಲೆಕ್ಕ. ತೊಗಟೆಗೆ, ಬೇರಿಗೆ ಹೈಪೋಕ್ಲೋರೈಟ್ ಸಮಯ ಜಾಸ್ತಿ ಬೇಕು. ನಿಮ್ಮ ಗಿಡಕ್ಕೆ ಎಷ್ಟು ಅಂತ ಎರಡು ಮೂರು ಸಮಯ ಇಟ್ಟು ನೋಡಿಯೇ ತೀರ್ಮಾನಿಸಿ. ಎಲೆಯ ಅಂಚು ಬಿಳಿಚಿಕೊಂಡು ಒದ್ದೆ ಕಾಗದದ ಥರ ಮೆತ್ತಗಾದರೆ ಸಮಯ ಹೆಚ್ಚಾಯಿತು ಅಂತ ಅರ್ಥ. ರಾಸಾಯನಿಕ ಒಳಗೆ ಇಳಿದು ಒಳವಾಸಿಗಳೂ ಸತ್ತಿರುತ್ತವೆ.

ಎಡವುವ ಜಾಗ ಎರಡು. ಮೊದಲನೆಯದು ಹಳೇ ಹೈಪೋಕ್ಲೋರೈಟ್ ಬಾಟಲಿ. ಬೆಳಕು, ಸೆಕೆಗೆ ಅದರ ಕ್ಲೋರಿನ್ ದಿನದಿಂದ ದಿನಕ್ಕೆ ಇಳಿಯುತ್ತದೆ. ಲೇಬಲ್ ಮೇಲೆ 4% ಅಂತಿದ್ದರೂ ಎರಡು ವರ್ಷದಿಂದ ಕಿಟಕಿ ಪಕ್ಕ ಕೂತ ಬಾಟಲಿಯಲ್ಲಿ ಅಷ್ಟು ಉಳಿದಿರುವುದಿಲ್ಲ. ಎರಡನೆಯದು, ಎಥನಾಲ್ ಬೀಕರ್ ಪಕ್ಕದಲ್ಲೇ ಫೋರ್ಸೆಪ್ಸ್ ಸುಡುವುದು. ಬೆಂಕಿ ಹತ್ತಿದ ಫೋರ್ಸೆಪ್ಸನ್ನು ಬೀಕರಿಗೆ ಅದ್ದಿದವರನ್ನು ನಾನು ನೋಡಿದ್ದೇನೆ. ಎಥನಾಲ್ ಉರಿ ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ತೊಳೆದದ್ದು ಸರಿಯಾಯಿತಾ ಅಂತ ತಿಳಿಯಲು ಎಲೆಯನ್ನು ಕತ್ತರಿಸುವ ಮೊದಲು ಒಂದು ಖಾಲಿ ಪಿಡಿಎ ಪ್ಲೇಟ್ ಮೇಲೆ ಮೆಲ್ಲಗೆ ಒತ್ತಿ ತೆಗೆಯಿರಿ. ಎರಡೂ ಮಗ್ಗುಲು ಒತ್ತಿ. ಇದಕ್ಕೆ ಇಂಪ್ರಿಂಟ್ ಪರೀಕ್ಷೆ ಅಂತಾರೆ. ಕೊನೆಯ ಸಲ ತೊಳೆದ ನೀರನ್ನೂ ಸ್ವಲ್ಪ ಇನ್ನೊಂದು ಪ್ಲೇಟಿಗೆ ಹರಡಿ. ಈ ಎರಡು ಪ್ಲೇಟುಗಳಲ್ಲಿ ಏನೂ ಬೆಳೆಯದಿದ್ದರೆ ಮಾತ್ರ ಮುಂದಿನದ್ದನ್ನು ಎಂಡೋಫೈಟ್ ಅಂತ ಕರೆಯುವ ಹಕ್ಕು ನಿಮಗಿದೆ. ಈ ಪ್ಲೇಟುಗಳ ಫೋಟೋ ತೆಗೆದಿಡಿ, ವೈವಾದಲ್ಲಿ ಕೇಳುತ್ತಾರೆ.

ಹಂತ 3: ಪ್ಲೇಟಿಗೆ ಹಾಕಿ, ಕಾಯಿರಿ

ಎಲೆಯನ್ನು ಅರ್ಧ ಸೆಂ.ಮೀ. ತುಂಡು ಮಾಡಿ. ಒಂದು ಪ್ಲೇಟಿಗೆ ಐದಾರು ತುಂಡು ಸಾಕು. ಮೀಡಿಯಾ ಪಿಡಿಎ. ಎಲೆಯೊಳಗಿನ ಬ್ಯಾಕ್ಟೀರಿಯಾ ಮೇಲೇಳದಂತೆ ಅದಕ್ಕೆ ಆಂಟಿಬಯಾಟಿಕ್ ಸೇರಿಸುತ್ತೇವೆ. ಕ್ಲೋರಾಂಫೆನಿಕಾಲ್ ಆದರೆ ಲೀಟರಿಗೆ 50ರಿಂದ 100 ಮಿ.ಗ್ರಾಂ. ಇದು ಆಟೋಕ್ಲೇವ್ ಬಿಸಿಯನ್ನು ತಡೆಯುತ್ತದೆ. ಸ್ಟ್ರೆಪ್ಟೋಮೈಸಿನ್ ತಡೆಯುವುದಿಲ್ಲ, ಅದನ್ನು ಮೀಡಿಯಾ 50 ಡಿಗ್ರಿಗೆ ತಣಿದ ಮೇಲೆ ಸೇರಿಸಬೇಕು.

ಪ್ಲೇಟಿಗೆ ಪ್ಯಾರಾಫಿಲ್ಮ್ ಸುತ್ತಿ 25ರಿಂದ 28 ಡಿಗ್ರಿಯಲ್ಲಿಡಿ. ದಿನಾ ನೋಡಿ. ಎಲೆ ತುಂಡಿನ ಕತ್ತರಿಸಿದ ಅಂಚಿನಿಂದ ನೂಲಿನಂಥ ಎಳೆ ಹೊರಟರೆ ಅದು ಒಳಗಿನಿಂದ ಬಂದದ್ದು. ತುಂಡಿನಿಂದ ದೂರ, ಖಾಲಿ ಅಗರ್ ಮೇಲೆ ಎದ್ದದ್ದು ಗಾಳಿಯಿಂದ ಬಿದ್ದದ್ದು. ಎರಡೇ ದಿನದಲ್ಲಿ ಎಲ್ಲ ಪ್ಲೇಟಿನಲ್ಲೂ ಒಂದೇ ಥರದ ಹಸಿರು ಪುಡಿ ಎದ್ದರೆ ಖುಷಿಪಡಬೇಡಿ, ಅನುಮಾನಪಡಿ.

ಇಲ್ಲಿ ಬೇಕಾಗಿರುವುದು ತಾಳ್ಮೆ. ಒಂದು ವಾರಕ್ಕೆ ಪ್ಲೇಟ್ ಬಿಸಾಡುವವರಿಗೆ ಸಿಗುವುದು ಓಡುವ ಕುದುರೆಗಳು ಮಾತ್ರ. ಕ್ಸೈಲೇರಿಯಾದಂಥ ನಿಧಾನದವು ತಲೆ ಎತ್ತಲು ಎರಡು ಮೂರು ವಾರ ತಗೊಳ್ಳುತ್ತವೆ. ನಾಲ್ಕು ವಾರ ಇಡಿ. ವೇಗವಾಗಿ ಬೆಳೆಯುವುದನ್ನು ಬೇರೆ ಪ್ಲೇಟಿಗೆ ಎತ್ತಿ, ಅದು ಇದ್ದ ಜಾಗವನ್ನು ಕತ್ತರಿಸಿ ತೆಗೆದುಬಿಡಿ. ಇಲ್ಲದಿದ್ದರೆ ಮೆಲ್ಲಗೆ ಬರುವವರನ್ನು ಮುಚ್ಚಿಹಾಕುತ್ತದೆ.

ಹಂತ 4: ಶುದ್ಧ ಮಾಡಿ, ಹೆಸರಿಡಿ, ಎತ್ತಿಡಿ

ಹೊರಟ ಎಳೆಯ ತುದಿಯನ್ನಷ್ಟೇ ಸೂಜಿಯಿಂದ ಎತ್ತಿ ಹೊಸ ಪ್ಲೇಟಿಗೆ ಹಾಕಿ. ಈ ಹೊಸ ಪ್ಲೇಟಿನಲ್ಲಿ ಆಂಟಿಬಯಾಟಿಕ್ ಇರಬಾರದು. ಈ ವಾಕ್ಯವನ್ನು ಇನ್ನೊಮ್ಮೆ ಓದಿ.

ಯಾಕೆ ಅಂತ ಹೇಳುತ್ತೇನೆ. ಕ್ಲೋರಾಂಫೆನಿಕಾಲ್ ಇರುವ ಪ್ಲೇಟಿನಿಂದ ಶಿಲೀಂಧ್ರದ ಬಿಲ್ಲೆಯನ್ನು ನೇರ ಎತ್ತಿ ಬ್ಯಾಕ್ಟೀರಿಯಾ ಪ್ಲೇಟ್ ಮೇಲಿಟ್ಟರೆ ಸುತ್ತ ಅಚ್ಚುಕಟ್ಟಾದ ಝೋನ್ ಬರುತ್ತದೆ. ಬರಲೇಬೇಕು, ಬಿಲ್ಲೆಯಲ್ಲಿ ಕ್ಲೋರಾಂಫೆನಿಕಾಲ್ ಇದೆಯಲ್ಲ! ನನ್ನ ಮೊದಲ ಪ್ರಾಜೆಕ್ಟಿನಲ್ಲಿ ಹನ್ನೊಂದು ಶಿಲೀಂಧ್ರದಲ್ಲಿ ಹನ್ನೊಂದೂ 'ಆಕ್ಟಿವ್' ಆಗಿದ್ದವು. ಎರಡು ದಿನ ಸ್ವೀಟ್ ಹಂಚಿದ್ದೆ. ಮೂರನೇ ದಿನ ಸೀನಿಯರ್ ಒಬ್ಬರು ಬರೀ ಅಗರ್ ಬಿಲ್ಲೆ ಇಟ್ಟು ತೋರಿಸಿದರು. ಅದೂ ಆಕ್ಟಿವ್. ಪರೀಕ್ಷೆಗೆ ಮುಂಚೆ ಆಂಟಿಬಯಾಟಿಕ್ ಇಲ್ಲದ ಮೀಡಿಯಾದಲ್ಲಿ ಎರಡು ಮೂರು ಸಲ ಸಬ್‌ಕಲ್ಚರ್ ಮಾಡಿ, ಅಂದರೆ ಹೊಸ ಪ್ಲೇಟಿಗೆ ವರ್ಗಾಯಿಸಿ.

ಪ್ರತಿ ಶಿಲೀಂಧ್ರಕ್ಕೂ ನಂಬರ್ ಕೊಡಿ. ಯಾವ ಮರ, ಯಾವ ಭಾಗ, ಎಷ್ಟನೇ ತುಂಡು ಅಂತ ಗೊತ್ತಾಗುವ ನಂಬರ್. ಪ್ಲೇಟಿನ ಮುಚ್ಚಳದ ಮೇಲಲ್ಲ, ತಳದ ಮೇಲೆ ಬರೆಯಿರಿ. ಮುಚ್ಚಳ ಅದಲು ಬದಲಾಗುತ್ತದೆ.

ಶುದ್ಧವಾದ ವಾರದಲ್ಲೇ ಸ್ಟಾಕ್ ಎತ್ತಿಡಿ. ಒಳವಾಸಿಗಳ ಒಂದು ಕೆಟ್ಟ ಗುಣ ಏನೆಂದರೆ, ಪ್ಲೇಟಿನಿಂದ ಪ್ಲೇಟಿಗೆ ಓಡಾಡಿಸಿದಷ್ಟೂ ರಾಸಾಯನಿಕ ಮಾಡುವುದನ್ನು ಕಡಿಮೆ ಮಾಡುತ್ತವೆ, ಕೆಲವು ಪೂರ್ತಿ ನಿಲ್ಲಿಸಿಬಿಡುತ್ತವೆ. ಗಿಡದೊಳಗಿನ ಒತ್ತಡ, ಪೈಪೋಟಿ ಇಲ್ಲಿಲ್ಲ. ಬಿಟ್ಟಿ ಡೆಕ್ಸ್‌ಟ್ರೋಸ್ ಸಿಗುತ್ತದೆ. ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಮರದ ಒಳವಾಸಿಗಳು ಕ್ಯಾಂಪ್ಟೊಥೆಸಿನ್ ಅನ್ನುವ ಕ್ಯಾನ್ಸರ್ ವಿರೋಧಿ ರಾಸಾಯನಿಕವನ್ನು ಮಾಡುತ್ತವೆ. ಅವುಗಳಲ್ಲೂ ಸಬ್‌ಕಲ್ಚರ್ ಮಾಡುತ್ತಾ ಹೋದಂತೆ ಅದು ಇಳಿಯುತ್ತಾ ಹೋಗುವುದನ್ನು ಕಂಡಿದ್ದಾರೆ. ಬೆಳೆದ ಅಗರ್ ಬಿಲ್ಲೆಗಳನ್ನು ಸ್ಟೆರೈಲ್ ನೀರಿರುವ ಸಣ್ಣ ಬಾಟಲಿಯಲ್ಲಿ ಹಾಕಿ ಮುಚ್ಚಿಟ್ಟರೂ ತಿಂಗಳುಗಟ್ಟಲೆ ಜೀವಂತ ಇರುತ್ತವೆ. ಮೈನಸ್ 80 ಡಿಗ್ರಿ ಫ್ರೀಜರ್ ಇದ್ದರೆ 20% ಗ್ಲಿಸರಾಲ್‌ನಲ್ಲಿಡಿ.

ಹೆಸರು ಪತ್ತೆಗೆ ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಬೀಜಕಣ ನೋಡಿ. ಎಷ್ಟೋ ಒಳವಾಸಿಗಳು ಪ್ಲೇಟಿನಲ್ಲಿ ಬೀಜಕಣವನ್ನೇ ಬಿಡುವುದಿಲ್ಲ. ಆಗ ಡಿಎನ್‌ಎಯ ಐಟಿಎಸ್ ಭಾಗವನ್ನು (ಶಿಲೀಂಧ್ರದ ಗುರುತು ಹಿಡಿಯಲು ಬಳಸುವ ತುಣುಕು) ಓದಿಸಬೇಕು. ಎಲ್ಲವನ್ನೂ ಓದಿಸಿ ದುಡ್ಡು ಸುರಿಯಬೇಡಿ, ಪರೀಕ್ಷೆಯಲ್ಲಿ ಗೆದ್ದದ್ದನ್ನು ಮಾತ್ರ ಕಳಿಸಿ. ಮತ್ತೆ, ಐಟಿಎಸ್ ಹೊಂದಿಕೆ 99% ಬಂತು ಅಂತ ಜಾತಿಯ ಹೆಸರು ಬರೆದುಬಿಡಬೇಡಿ. ಫ್ಯುಸೇರಿಯಂ, ಕೊಲೆಟೋಟ್ರೈಕಂ, ಆಸ್ಪರ್ಜಿಲಸ್ ಗುಂಪುಗಳಲ್ಲಿ ಐಟಿಎಸ್ ಒಂದರಿಂದಲೇ ಜಾತಿ ಹೇಳಲಾಗುವುದಿಲ್ಲ, ಬೇರೆ ಜೀನುಗಳೂ ಬೇಕು. 'ಫ್ಯುಸೇರಿಯಂ ಜಾತಿ' ಅಂತಷ್ಟೇ ಬರೆದರೆ ಯಾರೂ ಅಂಕ ಕಳೆಯುವುದಿಲ್ಲ.

ಹಂತ 5: ಮೊದಲ ಜರಡಿ

ಮೂವತ್ತು ಶಿಲೀಂಧ್ರ ಸಿಕ್ಕಿವೆ ಅಂದುಕೊಳ್ಳಿ. ಎಲ್ಲದರ ಸಾರ ತೆಗೆಯಲು ಆಯುಸ್ಸು ಸಾಲದು. 7ರಿಂದ 10 ದಿನ ಬೆಳೆದ ಪ್ಲೇಟಿನಿಂದ 6 ಮಿ.ಮೀ. ಬಿಲ್ಲೆ ಕತ್ತರಿಸಿ, ಬ್ಯಾಕ್ಟೀರಿಯಾ ಹರಡಿದ ಮುಲ್ಲರ್-ಹಿಂಟನ್ ಪ್ಲೇಟ್ ಮೇಲಿಡಿ. ಎರಡು ಗಂಟೆ ಫ್ರಿಡ್ಜಿನಲ್ಲಿಟ್ಟರೆ ರಾಸಾಯನಿಕ ಹರಡಲು ಸಮಯ ಸಿಗುತ್ತದೆ. ಆಮೇಲೆ 37 ಡಿಗ್ರಿಯಲ್ಲಿ ಒಂದು ರಾತ್ರಿ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿ ವೃತ್ತವೇ ಝೋನ್. ಪ್ರತಿ ಪ್ಲೇಟಿನಲ್ಲೂ ಒಂದು ಖಾಲಿ ಪಿಡಿಎ ಬಿಲ್ಲೆ ಇರಲೇಬೇಕು.

ಕೆಲವು ಶಿಲೀಂಧ್ರಗಳು ಸುಮ್ನೆ ಆಮ್ಲ ಬಿಡುತ್ತವೆ. ಆಮ್ಲಕ್ಕೂ ಝೋನ್ ಬರಬಹುದು. ಮುಂದೆ ದ್ರವದಲ್ಲಿ ಬೆಳೆಸುವಾಗ ಪಿಎಚ್ ಅಳೆದು ಬರೆದಿಡಿ.

ಹಂತ 6: ಗೆದ್ದವರನ್ನು ಅನ್ನದ ಮೇಲೆ ಬೆಳೆಸಿ

ಹೆಚ್ಚಿನವರು ಪಿಡಿಬಿಯಲ್ಲಿ ಬೆಳೆಸುತ್ತಾರೆ. 500 ಮಿ.ಲೀ. ಫ್ಲಾಸ್ಕಿಗೆ 200 ಮಿ.ಲೀ. ದ್ರವ, ಐದಾರು ಬಿಲ್ಲೆ, ಎರಡು ಮೂರು ವಾರ. ತಪ್ಪಿಲ್ಲ. ಆದರೆ ನನ್ನ ಮೆಚ್ಚಿನದು ಅಕ್ಕಿ.

ಒಂದು ಲೀಟರ್ ಕೋನಿಕಲ್ ಫ್ಲಾಸ್ಕಿಗೆ 100 ಗ್ರಾಂ ಅಕ್ಕಿ, 100ರಿಂದ 110 ಮಿ.ಲೀ. ನೀರು. ಸಾದಾ ಬಿಳಿ ಅಕ್ಕಿ ಸಾಕು, ಸೋನಾ ಮಸೂರಿಯೇ ಆಗಬೇಕಿಲ್ಲ. ರಾತ್ರಿ ನೆನೆಸಿ, ಹತ್ತಿ ಬಿರಡೆ ಹಾಕಿ, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ. ತೆಗೆದಾಗ ಅನ್ನ ಉದುರುದುರಾಗಿರಬೇಕು. ಮುದ್ದೆಯಾದರೆ ನೀರು ಜಾಸ್ತಿಯಾಯಿತು, ಶಿಲೀಂಧ್ರಕ್ಕೆ ಒಳಗೆ ಗಾಳಿ ಸಿಗುವುದಿಲ್ಲ. ತಣಿದ ಮೇಲೆ ಬಿಲ್ಲೆಗಳನ್ನು ಹಾಕಿ. ಮೊದಲ ಮೂರು ನಾಲ್ಕು ದಿನ ದಿನಕ್ಕೊಮ್ಮೆ ಫ್ಲಾಸ್ಕನ್ನು ಕೈಯಲ್ಲಿ ತಟ್ಟಿ ಅಗುಳು ಬಿಡಿಸಿ. ಆಮೇಲೆ ಮುಟ್ಟಬೇಡಿ. ಮೂರರಿಂದ ನಾಲ್ಕು ವಾರ ಬಿಡಿ.

ಮೊದಲ ವಾರ ಅಗುಳಿನ ಸುತ್ತ ಬಿಳಿ ನೂಲು ಸುತ್ತಿಕೊಳ್ಳುತ್ತದೆ. ಎರಡನೇ ವಾರ ಎಲ್ಲ ಅಗುಳೂ ಸೇರಿ ಒಂದೇ ಗಟ್ಟಿ ಬಿಲ್ಲೆಯಾಗುತ್ತದೆ. ಫ್ಯುಸೇರಿಯಂ ಥರದ್ದಾದರೆ ತಳದಿಂದ ಗುಲಾಬಿ, ಆಮೇಲೆ ಕುಂಕುಮದ ಬಣ್ಣ ಏರುತ್ತದೆ. ಹನಿ ಹನಿಯಾಗಿ ಬಣ್ಣದ ನೀರು ಮೇಲೆ ಕೂತಿರುತ್ತದೆ. ಯಾವ ದಿನ ಬಣ್ಣ ತಿರುಗಿತು ಅಂತ ಬರೆದುಕೊಳ್ಳಿ, ಸಾರ ತೆಗೆಯುವ ದಿನ ಗೊತ್ತುಮಾಡಲು ಸಹಾಯವಾಗುತ್ತದೆ.

ಒಂದೇ ಶಿಲೀಂಧ್ರ ಪಿಡಿಬಿಯಲ್ಲಿ ಒಂದು ರಾಸಾಯನಿಕ, ಅನ್ನದಲ್ಲಿ ಇನ್ನೊಂದು, ಉಪ್ಪು ಸೇರಿಸಿದರೆ ಮತ್ತೊಂದು ಮಾಡಬಹುದು. 'ಒಂದು ತಳಿ, ಹಲವು ರಾಸಾಯನಿಕ' ಅನ್ನುವ ಈ ತಂತ್ರಕ್ಕೆ ಓಸ್ಮ್ಯಾಕ್ ಅಂತ ಹೆಸರು. ಸಮಯ ಇದ್ದರೆ ಎರಡು ಮೀಡಿಯಾದಲ್ಲಾದರೂ ಬೆಳೆಸಿ.

ಮರೆಯಬಾರದ್ದು: ಶಿಲೀಂಧ್ರ ಹಾಕದ ಒಂದು ಫ್ಲಾಸ್ಕನ್ನು ಅಷ್ಟೇ ದಿನ ಇಟ್ಟು, ಅದರ ಸಾರವನ್ನೂ ಹಾಗೇ ತೆಗೆಯಿರಿ. ಝೋನ್ ಕೊಟ್ಟದ್ದು ಶಿಲೀಂಧ್ರವೋ ಬರೀ ಮೀಡಿಯಾವೋ ಅಂತ ತಿಳಿಯುವುದು ಇದರಿಂದಲೇ. ಮೇಲೆ ಹೇಳಿದೆನಲ್ಲ, ನನ್ನ ಮರುಪ್ರಶ್ನೆ ಇದರದ್ದೇ.

ಹಂತ 7: ಸಾರ ತೆಗೆಯಿರಿ

ದ್ರವವಾದರೆ ಮಸ್ಲಿನ್ ಬಟ್ಟೆಯಲ್ಲಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ ಸೋಸಿ. ಸೋಸಿದ ದ್ರವಕ್ಕೆ ಅಷ್ಟೇ ಅಳತೆಯ ಈಥೈಲ್ ಅಸಿಟೇಟ್ ಹಾಕಿ ಸೆಪರೇಟಿಂಗ್ ಫನಲ್‌ನಲ್ಲಿ ಕುಲುಕಿ. ನಡುನಡುವೆ ಕೊಳಾಯಿ ತೆರೆದು ಒತ್ತಡ ಬಿಡಿ. ಎರಡು ಪದರ ಆಗುತ್ತದೆ. ಈಥೈಲ್ ಅಸಿಟೇಟ್ ಹಗುರ, ಮೇಲೆ ನಿಲ್ಲುತ್ತದೆ. ನಿಮ್ಮ ವಸ್ತು ಅದರಲ್ಲಿದೆ. ಕ್ಲೋರೋಫಾರ್ಮ್ ಬಳಸಿ ಅಭ್ಯಾಸ ಇದ್ದವರು ಕೆಳಗಿನ ಪದರ ಉಳಿಸಿಕೊಂಡು ಮೇಲಿನದ್ದನ್ನು ಸಿಂಕಿಗೆ ಚೆಲ್ಲಿದ್ದುಂಟು. ಕೊನೆಯವರೆಗೂ ಎರಡೂ ಪದರ ಇಟ್ಟುಕೊಳ್ಳಿ. ಹೀಗೆ ಮೂರು ಸಲ. ನಡುವೆ ನೊರೆ ನಿಂತು ಪದರ ಬೇರೆಯಾಗದಿದ್ದರೆ ಸ್ವಲ್ಪ ಉಪ್ಪು ಹಾಕಿ ಕಾಯಿರಿ.

ಅನ್ನವಾದರೆ ಗಾಜಿನ ಕಡ್ಡಿಯಿಂದ ಪುಡಿ ಮಾಡಿ, ಮುಳುಗುವಷ್ಟು ಈಥೈಲ್ ಅಸಿಟೇಟ್ ಹಾಕಿ ರಾತ್ರಿ ಬಿಟ್ಟು ಸೋಸಿ. ಅಕ್ಕಿಯ ಎಣ್ಣೆ ಅಂಶ ಜೊತೆಗೆ ಬರುತ್ತದೆ. ಒಣಗಿಸಿದ ಸಾರವನ್ನು 90% ಮೆಥನಾಲ್‌ನಲ್ಲಿ ಕರಗಿಸಿ ಹೆಕ್ಸೇನ್ ಜೊತೆ ಕುಲುಕಿದರೆ ಎಣ್ಣೆ ಹೆಕ್ಸೇನಿಗೆ ಹೋಗುತ್ತದೆ.

ಸೋಸಿದ ಈಥೈಲ್ ಅಸಿಟೇಟನ್ನು ಅನ್‌ಹೈಡ್ರಸ್ ಸೋಡಿಯಂ ಸಲ್ಫೇಟ್ ಮೇಲೆ ಹಾಯಿಸಿದರೆ ಉಳಿದ ನೀರು ಹೋಗುತ್ತದೆ. ರೋಟರಿ ಇವ್ಯಾಪರೇಟರ್‌ನಲ್ಲಿ 40 ಡಿಗ್ರಿ ಮೀರದಂತೆ ಒಣಗಿಸಿ. ಮೊದಲೇ ತೂಕ ಮಾಡಿಟ್ಟ ಗಾಜಿನ ವಯಲ್‌ಗೆ ಹಾಕಿ, ಮತ್ತೆ ತೂಕ ಮಾಡಿ. ಈಥೈಲ್ ಅಸಿಟೇಟ್ ಬೇಗ ಬೆಂಕಿ ಹಿಡಿಯುವ ದ್ರವ, ಬರ್ನರ್ ಇರುವ ಕೋಣೆಯಲ್ಲಿ ಈ ಕೆಲಸ ಬೇಡ. ಗಾಜಿನ ವಯಲ್ ಅಂದೆ, ಪ್ಲಾಸ್ಟಿಕ್ ಅಲ್ಲ. ಕಾರಣ 10ನೇ ಹಂತದಲ್ಲಿದೆ.

ಹಂತ 8: ಝೋನ್ ಪರೀಕ್ಷೆ

ಬ್ಯಾಕ್ಟೀರಿಯಾ ಎಷ್ಟು ಹರಡಬೇಕು ಅನ್ನುವುದಕ್ಕೆ ಅಳತೆ 0.5 ಮ್ಯಾಕ್‌ಫಾರ್ಲೆಂಡ್. ಇದು ಮಬ್ಬಿನ ಒಂದು ಮಟ್ಟ, ಮಿ.ಲೀ.ಗೆ ಸುಮಾರು 1.5 × 10⁸ ಬ್ಯಾಕ್ಟೀರಿಯಾ. ಅಗರ್ 4 ಮಿ.ಮೀ. ದಪ್ಪ ಇರಲಿ. ತೆಳ್ಳಗಾದರೆ ಝೋನ್ ಸುಳ್ಳೇ ದೊಡ್ಡದಾಗುತ್ತದೆ. ಸಾರವನ್ನು ಡಿಎಂಎಸ್ಒ ದ್ರಾವಕದಲ್ಲಿ ಕರಗಿಸಿ. 25 ಮಿ.ಗ್ರಾಂ/ಮಿ.ಲೀ. ದ್ರಾವಣದ 20 ಮೈಕ್ರೋಲೀಟರನ್ನು ಡಿಸ್ಕಿಗೆ, ಅಂದರೆ ಪ್ಲೇಟ್ ಮೇಲಿಡುವ ಸಣ್ಣ ಕಾಗದದ ಬಿಲ್ಲೆಗೆ, ಹಾಕಿದರೆ 500 ಮೈಕ್ರೋಗ್ರಾಂ ಬೀಳುತ್ತದೆ. ಇದಕ್ಕೆ ಝೋನ್ ಬರಲಿಲ್ಲ ಅಂತ ಡಿಸ್ಕಿಗೆ 5 ಮಿ.ಗ್ರಾಂ ಸುರಿಯುವವರಿದ್ದಾರೆ. ಅಷ್ಟು ಹಾಕಿದರೆ ಅಡುಗೆಮನೆಯ ಎಷ್ಟೋ ಸಾಮಾನಿಗೂ ಝೋನ್ ಬರುತ್ತದೆ.

ಪ್ರತಿ ಪ್ಲೇಟಿನಲ್ಲಿ ನಾಲ್ಕು ಡಿಸ್ಕ್: ನಿಮ್ಮ ಸಾರ, ಬರೀ ಡಿಎಂಎಸ್ಒ, ಖಾಲಿ ಮೀಡಿಯಾದ ಸಾರ, 10 ಮೈಕ್ರೋಗ್ರಾಂ ಜೆಂಟಾಮೈಸಿನ್ ಆಂಟಿಬಯಾಟಿಕ್. ಮಧ್ಯದ ಎರಡಕ್ಕೆ ಝೋನ್ ಬರಬಾರದು. ಕೊನೆಯದಕ್ಕೆ ಬರಲೇಬೇಕು. ಹಾಗಾಗದಿದ್ದರೆ ಆ ಪ್ಲೇಟ್ ಲೆಕ್ಕಕ್ಕಿಲ್ಲ.

ಒಂದೇ ಪ್ಲೇಟಿನಲ್ಲಿ ಮೂರು ಡಿಸ್ಕ್ ಇಟ್ಟು 'ಮೂರು ಸಲ ಮಾಡಿದೆ' ಅನ್ನಬೇಡಿ. ಬೇರೆ ಬೇರೆ ದಿನ, ಸಾಧ್ಯವಾದರೆ ಬೇರೆ ಫ್ಲಾಸ್ಕಿನ ಸಾರದಿಂದ ಮಾಡಿದರೆ ಮೂರು. ಇನ್ನೊಂದು, 18 ಮಿ.ಮೀ. ಝೋನಿನ ಸಾರ 12 ಮಿ.ಮೀ.ಗಿಂತ ಬಲವಾದದ್ದು ಅಂತ ಹೇಳಲಾಗದು. ಸಣ್ಣ ಅಣು ಅಗರ್‌ನಲ್ಲಿ ದೂರ ಓಡುತ್ತದೆ, ಎಣ್ಣೆಯಂಥದ್ದು ಕೂತಲ್ಲೇ ಕೂರುತ್ತದೆ. ಬಲ ಅಳೆಯುವುದು ಮುಂದಿನ ಹಂತದಲ್ಲಿ.

ಈ. ಕೊಲೈ, ಸ್ಯೂಡೋಮೊನಾಸ್ ಮೇಲೆ ಏನೂ ಆಗಲಿಲ್ಲ ಅಂತ ಬೇಜಾರಾಗಬೇಡಿ. ಇವು ಗ್ರಾಂ-ನೆಗೆಟಿವ್. ಇವಕ್ಕೆ ಹೊರಗೆ ಇನ್ನೊಂದು ಪೊರೆ ಇದೆ, ಹೆಚ್ಚಿನ ರಾಸಾಯನಿಕಗಳು ಒಳಗೇ ಹೋಗುವುದಿಲ್ಲ. ಸ್ಟ್ಯಾಫಿಲೋಕಾಕಸ್, ಬ್ಯಾಸಿಲಸ್ ಮೇಲೆ ಮಾತ್ರ ಕೆಲಸ ಮಾಡುವುದೇ ಸಾಮಾನ್ಯ.

ಹಂತ 9: ಎಂಐಸಿ

ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣವೇ ಎಂಐಸಿ. 96 ಗುಳಿಯ ಪ್ಲೇಟಿನಲ್ಲಿ 1000 ಮೈಕ್ರೋಗ್ರಾಂ/ಮಿ.ಲೀ.ನಿಂದ ಶುರು ಮಾಡಿ ಅರ್ಧ ಅರ್ಧ ಮಾಡುತ್ತಾ ಇಳಿಯಿರಿ. ಪ್ರತಿ ಗುಳಿಯಲ್ಲೂ ಮಿ.ಲೀ.ಗೆ 5 × 10⁵ ಬ್ಯಾಕ್ಟೀರಿಯಾ. ಡಿಎಂಎಸ್ಒ 1% ಮೀರದಿರಲಿ. 35ರಿಂದ 37 ಡಿಗ್ರಿಯಲ್ಲಿ 16ರಿಂದ 20 ಗಂಟೆ.

ಬೆಳೆದಿದೆಯೇ ಇಲ್ಲವೇ ತಿಳಿಯಲು ರೆಸಜುರಿನ್ ಅನ್ನುವ ನೀಲಿ ಬಣ್ಣ ಹಾಕುತ್ತಾರೆ. ನೀಲಿ ಹಾಗೇ ಉಳಿದರೆ ಬೆಳೆದಿಲ್ಲ, ಗುಲಾಬಿಯಾದರೆ ಬೆಳೆದಿದೆ. ನಿಮ್ಮ ಸಾರವೇ ಕೆಂಪಗಿದ್ದರೆ? ಎಲ್ಲ ಗುಳಿಯೂ ಗುಲಾಬಿ! ಅಂಥ ಕಡೆ ಬ್ಯಾಕ್ಟೀರಿಯಾ ಇಲ್ಲದ, ಬರೀ ಸಾರದ ಸಾಲೊಂದು ಪಕ್ಕದಲ್ಲಿರಬೇಕು. ಅನುಮಾನ ಬಂದ ಗುಳಿಯಿಂದ 10 ಮೈಕ್ರೋಲೀಟರ್ ತೆಗೆದು ಪ್ಲೇಟಿಗೆ ಹಾಕಿ ನೋಡಿ. ಬೆಳೆಯದಿದ್ದರೆ ಬ್ಯಾಕ್ಟೀರಿಯಾ ಸತ್ತಿವೆ, ಬೆಳೆದರೆ ತಡೆಯಲ್ಪಟ್ಟಿದ್ದವು ಅಷ್ಟೇ.

ಕಚ್ಚಾ ಸಾರದ ಎಂಐಸಿ 100 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಮುಂದುವರಿಯಬಹುದು. 1000ಕ್ಕಿಂತ ಮೇಲಿದ್ದರೆ ಆ ಶಿಲೀಂಧ್ರವನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರಿ.

ಹಂತ 10: ಒಳಗಿರುವುದು ಯಾವ ರಾಸಾಯನಿಕ?

ಕಚ್ಚಾ ಸಾರದಲ್ಲಿ ಹತ್ತಾರು ರಾಸಾಯನಿಕ ಇರುತ್ತವೆ. ಯಾವುದು ಕೆಲಸ ಮಾಡುತ್ತಿದೆ ಅಂತ ಕಂಡುಕೊಳ್ಳಲು ಕಾಲೇಜು ಮಟ್ಟದಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ಬಯೋಆಟೋಗ್ರಫಿ. ಸಾರವನ್ನು ಟಿಎಲ್‌ಸಿ ಪ್ಲೇಟಿನಲ್ಲಿ (ದ್ರಾವಕ ಏರುತ್ತಾ ರಾಸಾಯನಿಕಗಳನ್ನು ಬೇರ್ಪಡಿಸುವ ತೆಳು ಪದರದ ಹಲಗೆ) ಓಡಿಸಿ ಚುಕ್ಕೆಗಳಾಗಿ ಬಿಡಿಸಿ. ದ್ರಾವಕ ಪೂರ್ತಿ ಆರಲಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಕೊಲ್ಲುವುದು ದ್ರಾವಕವೇ. ಅದರ ಮೇಲೆ ಬ್ಯಾಕ್ಟೀರಿಯಾ ಬೆರೆಸಿದ ತೆಳು ಅಗರ್ ಸುರಿದು ರಾತ್ರಿ ಬಿಟ್ಟು, ಎಂಟಿಟಿ ಅನ್ನುವ ಬಣ್ಣದ ದ್ರಾವಣ ಸಿಂಪಡಿಸಿ. ಬದುಕಿರುವ ಬ್ಯಾಕ್ಟೀರಿಯಾ ಇದ್ದಲ್ಲಿ ನೇರಳೆ ಬಣ್ಣ, ಸತ್ತ ಕಡೆ ಖಾಲಿ ಮಚ್ಚೆ. ಆ ಮಚ್ಚೆ ಯಾವ ಚುಕ್ಕೆಯ ಮೇಲೆ ಬಿದ್ದಿದೆಯೋ ಅದರ ಹಿಂದೆ ಹೋಗಿ. ಮುಂದೆ ಕಾಲಂ, ಎಚ್‌ಪಿಎಲ್‌ಸಿ, ಮಾಸ್ ಸ್ಪೆಕ್ಟ್ರಮ್, ಎನ್‌ಎಂಆರ್. ಇವು ಒಂದು ರಾಸಾಯನಿಕವನ್ನು ಬೇರ್ಪಡಿಸಿ ಅದರ ರಚನೆ ತಿಳಿಯುವ ವಿಧಾನಗಳು. ಆರು ತಿಂಗಳ ಪ್ರಾಜೆಕ್ಟಿನಲ್ಲಿ ಮುಗಿಯುವಂಥದ್ದಲ್ಲ, ಮುಗಿಸುತ್ತೇನೆ ಅಂತ ಸಿನಾಪ್ಸಿಸ್‌ನಲ್ಲಿ ಬರೆಯಬೇಡಿ.

ಬದಲಿಗೆ ಎಲ್ಲರೂ ಮಾಡುವುದು ಜಿಸಿ-ಎಂಎಸ್, ಅಂದರೆ ಸಾರವನ್ನು ಆವಿ ಮಾಡಿ ಬೇರ್ಪಡಿಸಿ ಅಣುಗಳನ್ನು ಗುರುತಿಸುವ ಯಂತ್ರದ ಪರೀಕ್ಷೆ. ಹೊರಗೆ ಕೊಟ್ಟರೆ ಬೇಗ ರಿಪೋರ್ಟ್ ಬರುತ್ತದೆ, ಇಪ್ಪತ್ತು ಮೂವತ್ತು ಹೆಸರಿನ ಉದ್ದ ಪಟ್ಟಿ ಸಿಗುತ್ತದೆ. ನೋಡಲು ಚೆಂದ. ಆದರೆ ಜಿಸಿ-ಎಂಎಸ್‌ಗೆ ಕಾಣುವುದು ಬಿಸಿ ಮಾಡಿದರೆ ಆವಿಯಾಗುವ ವಸ್ತು ಮಾತ್ರ. ನಿಮ್ಮ ನಿಜವಾದ ಆಂಟಿಬಯಾಟಿಕ್ ಆವಿಯಾಗದೆ ಹೊರಗೇ ಉಳಿದಿರಬಹುದು. ಪಟ್ಟಿಯಲ್ಲಿರುವುದು ಕಂಪ್ಯೂಟರ್ ಲೈಬ್ರರಿ ಊಹಿಸಿದ ಹೆಸರುಗಳು. ಅದರಲ್ಲಿ ಡೈಬ್ಯುಟೈಲ್ ಥ್ಯಾಲೇಟ್, ಡೈಈಥೈಲ್‌ಹೆಕ್ಸೈಲ್ ಥ್ಯಾಲೇಟ್ ಅನ್ನುವವು ಕಂಡರೆ ಮೊದಲ ಅನುಮಾನ ನಿಮ್ಮ ಪ್ಲಾಸ್ಟಿಕ್ ಟ್ಯೂಬಿನ ಮೇಲೆ. ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ವಸ್ತು ಅದು, ಈಥೈಲ್ ಅಸಿಟೇಟ್ ಅದನ್ನು ಚೆನ್ನಾಗಿ ಕರಗಿಸಿಕೊಳ್ಳುತ್ತದೆ. ಬೇವಿನ ಶಿಲೀಂಧ್ರದ ಹೊಸ ಆಂಟಿಬಯಾಟಿಕ್ ಅಂತ ಅದನ್ನೇ ಪೋಸ್ಟರಿನಲ್ಲಿ ಹಾಕಿದವರಿದ್ದಾರೆ. ಖಾಲಿ ಮೀಡಿಯಾದ ಸಾರವನ್ನೂ ಅದೇ ಯಂತ್ರಕ್ಕೆ ಕೊಟ್ಟು, ಎರಡರಲ್ಲೂ ಇರುವುದನ್ನು ಹೊಡೆದುಹಾಕಿ.

ಉಳಿದದ್ದು ಈಗಾಗಲೇ ಗೊತ್ತಿರುವುದೇ ಅಂತ ಹುಡುಕಿ. ಇದಕ್ಕೆ ಡಿರೆಪ್ಲಿಕೇಶನ್ ಅಂತಾರೆ. ಕೋಜಿಕ್ ಆಮ್ಲ, ಮೆಲ್ಲೀನ್, ಫ್ಯುಸೇರಿಕ್ ಆಮ್ಲ, ಆಲ್ಟರ್ನೇರಿಯಾಲ್, ಸಿಟ್ರಿನಿನ್ ಇವೆಲ್ಲ ಮತ್ತೆ ಮತ್ತೆ ಸಿಗುವ ಹಳೇ ನೆಂಟರು. ಜವಾನಿಸಿನ್ ಕೂಡ ಹಳೆಯದೇ ಆಗಿತ್ತಲ್ಲ. ಹಳೆಯದು ಅಂತ ಕೆಲಸ ವ್ಯರ್ಥವಲ್ಲ, ಆದರೆ 'ಹೊಸದು' ಅಂತ ಬರೆಯಬೇಡಿ.

'ಔಷಧಿ' ಅನ್ನುವ ಪದವನ್ನೂ ಬಳಸಬೇಡಿ. ಕೋಸ್ಟರಿಕಾದ ಗ್ವಾನಾಕಾಸ್ಟೆಯಲ್ಲಿ ಒಂದು ಮರದ ಒಳವಾಸಿಯಿಂದ ಗ್ವಾನಾಕಾಸ್ಟೆಪೀನ್ ಎಂಬ ರಾಸಾಯನಿಕ ಸಿಕ್ಕಿತ್ತು. 2000ದ ಸುಮಾರಿಗೆ ಪ್ರಕಟವಾದಾಗ ದೊಡ್ಡ ಸುದ್ದಿ. ಮೆಥಿಸಿಲಿನ್‌ಗೆ (ಇದೊಂದು ಆಂಟಿಬಯಾಟಿಕ್) ಬಗ್ಗದ ಸ್ಟ್ಯಾಫಿಲೋಕಾಕಸ್ಸನ್ನೂ ಅದು ಕೊಲ್ಲುತ್ತಿತ್ತು. ಆಮೇಲೆ ನೋಡಿದರೆ ಅದು ಮನುಷ್ಯನ ಕೆಂಪು ರಕ್ತಕಣಗಳನ್ನೂ ಒಡೆಯುತ್ತಿತ್ತು. ಸಿಟ್ರಿನಿನ್ ಕೂಡ ಬ್ಯಾಕ್ಟೀರಿಯಾ ತಡೆಯುತ್ತದೆ, ಕಿಡ್ನಿಗೆ ವಿಷ. ಕೆಂಪು ರಕ್ತಕಣದ ಪರೀಕ್ಷೆಯನ್ನು ಮಾಡಲು ಸಾಧ್ಯವಾದರೆ ಮಾಡಿ, ಅದರ ಫಲಿತಾಂಶ ಕೆಟ್ಟದಾಗಿ ಬಂದರೂ ಬರೆಯಿರಿ.

ಕೆಲಸ ಮುಗಿದ ಮೇಲೆ

ಎಲ್ಲ ಪ್ಲೇಟು, ಫ್ಲಾಸ್ಕು, 96 ಗುಳಿಯ ಪ್ಲೇಟನ್ನು ಆಟೋಕ್ಲೇವ್ ಮಾಡಿಯೇ ಬಿಸಾಡಿ. ಅನ್ನದ ಫ್ಲಾಸ್ಕನ್ನು ದ್ರಾವಕ ಹೋಗಲು ಹುಡ್‌ನಲ್ಲಿ ಎರಡು ದಿನ ತೆರೆದಿಟ್ಟು ಆಮೇಲೆ ಆಟೋಕ್ಲೇವಿಗೆ ಹಾಕಿ, ಈಥೈಲ್ ಅಸಿಟೇಟ್ ಇರುವಾಗ ಬಿಸಿ ಮಾಡುವುದು ಅಪಾಯ. ಬಳಸಿದ ದ್ರಾವಕ ಸಿಂಕಿಗಲ್ಲ, ವೇಸ್ಟ್ ಕ್ಯಾನಿಗೆ. ಗೆದ್ದ ಶಿಲೀಂಧ್ರದ ಎರಡು ಬಾಟಲಿಯನ್ನು ನಿಮ್ಮ ಗೈಡ್ ಹತ್ತಿರ ಬಿಟ್ಟುಹೋಗಿ, ಮೇಲೆ ಹರ್ಬೇರಿಯಂ ನಂಬರನ್ನೂ ಬರೆದು. ಮುಂದಿನ ವರ್ಷ ಯಾರೋ ಬಂದು ಕೇಳುತ್ತಾರೆ, "ಆ ಬೇವಿನದ್ದು ಎಲ್ಲಿದೆ?" ಅಂತ.